ಗರಸಿನ ನೀರು, ಗ್ಯಾಪಿನ ನೀರು



30-40ರ ಸೈಟು ಅಂದರೆ ಬೆಂಗಳೂರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆರ್.ಟಿ. ನಗರದಲ್ಲಿ ಅದಕ್ಕೆ ಏನು ಬೆಲೆ, ಯಲಹಂಕ ಉಪನಗರದಲ್ಲಿ ಏನು ಬೆಲೆ, ಯಶವಂತಪುರಕ್ಕೆ ಮೆಟ್ರೊ ಬಂದ ಮೇಲೆ ಎಷ್ಟು ಏರಿತು ಎಂಬುದನ್ನು ಟೀ ಅಂಗಡಿಯ ಮುಂದೆ ನಿಂತವರು ಯಾರಾದರೂ ಹೇಳಿಬಿಡುತ್ತಾರೆ. ಆ ಸೈಟಿನ ಅಡಿಯಲ್ಲಿ ಎಷ್ಟು ನೀರಿದೆ ಎಂದು ಕೇಳಿ ನೋಡಿ. ಉತ್ತರವಾಗಿ ಬೋರ್‌ವೆಲ್ಲಿನ ಆಳ ಹೇಳುತ್ತಾರೆ: 800 ಅಡಿ, 1,200 ಅಡಿ, ಕೆಲವರು 1,500 ಅಡಿ. ಆಳದ ಲೆಕ್ಕ ಬೇರೆ, ನೀರಿನ ಲೆಕ್ಕ ಬೇರೆ. ಎರಡನ್ನೂ ಒಂದೇ ಎಂದುಕೊಂಡು ಉತ್ತರ ಬೆಂಗಳೂರು ಕಳೆದುಕೊಂಡದ್ದು ಬಹಳ. ಹಾಗಾಗಿ ನೀರಿನ ಲೆಕ್ಕವನ್ನೇ ಇಂದು ಮಾತಿಗೆ ಎತ್ತಿಕೊಂಡಿದ್ದೇನೆ.

ಮೊದಲು ಕಲ್ಲು. ಲಾಲ್‌ಬಾಗಿನಲ್ಲಿ ಕೆಂಪೇಗೌಡರ ಗೋಪುರ ನಿಂತಿರುವ ಬಂಡೆಯನ್ನು ನೀವೆಲ್ಲ ಹತ್ತಿರುತ್ತೀರಿ. ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ವಯಸ್ಸು ಸುಮಾರು 300 ಕೋಟಿ ವರ್ಷ. ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯಲ್ಲಿದ್ದ ಡಬ್ಲ್ಯು. ಎಫ್. ಸ್ಮೀತ್ 1916ರಲ್ಲಿ ಈ ಜಾತಿಯ ಕಲ್ಲಿಗೆ ಪೆನಿನ್ಸುಲಾರ್ ನೈಸ್ ಎಂದು ಹೆಸರಿಟ್ಟರು. ಹೆಬ್ಬಾಳದ ಅಡಿಯಲ್ಲಿರುವುದೂ ಅದೇ, ಯಲಹಂಕದ ಅಡಿಯಲ್ಲಿರುವುದೂ ಅದೇ. ಗಟ್ಟಿಯಾಗಿರುವ ಕಡೆ ಈ ಕಲ್ಲು ಒಂದು ಹನಿ ನೀರನ್ನೂ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಹಾಗಾದರೆ ನಮ್ಮ ಅಜ್ಜಂದಿರು ತೆಗೆಸಿದ ಬಾವಿಗಳಲ್ಲಿ ನೀರು ಎಲ್ಲಿಂದ ಬರುತ್ತಿತ್ತು?

ಅಪಾರ್ಟ್‌ಮೆಂಟಿಗೆಂದು ಬೇಸ್‌ಮೆಂಟ್ ತೋಡಿರುವ ಕಡೆ ಬೇಲಿಯ ಸಂದಿನಿಂದ ಒಳಗಿನ ಮಣ್ಣಿನ ಗೋಡೆಯನ್ನು ಒಮ್ಮೆ ನೋಡಿ. ಮೇಲೆ ನಾಲ್ಕೈದು ಅಡಿ ಕೆಂಪು ಮಣ್ಣು. ಅದರ ಕೆಳಗೆ ಬಣ್ಣ ಹಳದಿಗೆ, ಬಿಳಿಗೆ ತಿರುಗುತ್ತದೆ. ಅಲ್ಲಿ ಕಲ್ಲಿನ ಪಟ್ಟೆಗಳು ಹಾಗೇ ಕಾಣುತ್ತವೆ, ಕೈಯಲ್ಲಿ ಹಿಡಿದು ಒತ್ತಿದರೆ ಮಾತ್ರ ಪುಡಿಯಾಗುತ್ತದೆ. ಅಭ್ರಕದ ಚೂರುಗಳು ಬೆರಳಿಗೆ ಅಂಟಿಕೊಂಡು ಮಿನುಗುತ್ತವೆ. ಇದೇ ಗರಸು. ಲಕ್ಷಾಂತರ ವರ್ಷಗಳ ಮಳೆ ನೀರು ಕಲ್ಲನ್ನು ಇದ್ದಲ್ಲೇ ಕೊಳೆಸಿ ಮಾಡಿದ್ದು ಇದು. ಒಂದೊಂದು ಕಡೆ 20 ಅಡಿ, ಒಂದೊಂದು ಕಡೆ 60 ಅಡಿ ಇರುತ್ತದೆ. ಇನ್ನೂ ಕೆಳಗೆ ಹೋದರೆ ಅರೆಕೊಳೆತ ಬಂಡೆ ಸಿಗುತ್ತದೆ. ಅದರ ಮೈಯೆಲ್ಲ ಅಡ್ಡ ಬಿರುಕು. ಬಿರುಕುಗಳ ನಡುವೆ ತುಕ್ಕಿನ ಬಣ್ಣದ ಗೆರೆಗಳಿದ್ದರೆ ಅಲ್ಲಿ ನೀರು ಓಡಾಡಿದೆ ಎಂದು ಅರ್ಥ. ಹೈದರಾಬಾದಿನ ಬಳಿ ಮಹೇಶ್ವರಂ ಎಂಬಲ್ಲಿ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯವರೂ ಫ್ರಾನ್ಸಿನ ಭೂವಿಜ್ಞಾನಿಗಳೂ ಸೇರಿ ಇಂಥದೇ ನೆಲವನ್ನು ವರ್ಷಗಟ್ಟಲೆ ಅಳೆದಿದ್ದಾರೆ. ಮೇಲಿನ ಈ ಬಿರುಕುಗಳು ಕೂಡ ಕೊಳೆಯುವಿಕೆಯ ಕೂಸೇ, ಆದ್ದರಿಂದ ಆಳಕ್ಕೆ ಹೋದಷ್ಟೂ ಅವು ವಿರಳವಾಗುತ್ತವೆ ಎಂಬುದು ಅವರ ಕಾಣ್ಕೆ. ಕೊಳವೆಬಾವಿ ಕೊರೆಸುವ ಪ್ರತಿಯೊಬ್ಬರೂ ತಿಳಿದಿರಬೇಕಾದ ಮಾತು ಇದು.

ನೆಲದೊಳಗಿನ ಯಾವುದೇ ನೀರಿನ ಪದರಕ್ಕೆ ಎರಡು ಗುಣಗಳಿರುತ್ತವೆ. ಎಷ್ಟು ನೀರನ್ನು ಕೂಡಿಟ್ಟು ಬಿಟ್ಟುಕೊಡುತ್ತದೆ ಎಂಬುದು ಒಂದು. ಎಷ್ಟು ಸಲೀಸಾಗಿ ನೀರನ್ನು ಹರಿಯಗೊಡುತ್ತದೆ ಎಂಬುದು ಇನ್ನೊಂದು. ಒಂದು ಗುಣವಿದ್ದ ಕಡೆ ಮತ್ತೊಂದು ಇರಲೇಬೇಕೆಂದಿಲ್ಲ. ಜೇಡಿಯಲ್ಲಿ ನೀರು ಬೇಕಾದಷ್ಟಿರುತ್ತದೆ, ಬಿಟ್ಟುಕೊಡುವುದಿಲ್ಲ. ಗಟ್ಟಿ ಬಂಡೆಯ ಬಿರುಕು ನೀರನ್ನು ಸರಾಗವಾಗಿ ಬಿಡುತ್ತದೆ, ಆದರೆ ಅದರಲ್ಲಿ ಕೂಡಿಟ್ಟ ನೀರು ಇರುವುದಿಲ್ಲ. ಉತ್ತರ ಬೆಂಗಳೂರಿನ ಪಾಡು ಈ ಎರಡನೆಯದು.

ಈಗ ಸೈಟಿಗೆ ಬರೋಣ. ಕೇಂದ್ರ ಸರ್ಕಾರದ ಅಂತರ್ಜಲ ಅಂದಾಜು ಸಮಿತಿ 1997ರಲ್ಲಿ ಒಂದೊಂದು ನೆಲಕ್ಕೂ ಒಂದೊಂದು ಪ್ರಮಾಣ ಗೊತ್ತುಮಾಡಿತು. ಗಂಗಾ ಬಯಲಿನಂಥ ಮರಳು ನೆಲದ ಮೆಕ್ಕಲು ತನ್ನ ಗಾತ್ರದ ಶೇ 16ರಷ್ಟು ನೀರನ್ನು ಬಿಟ್ಟುಕೊಡುತ್ತದೆ. ಜೇಡಿ ಹೆಚ್ಚು ಬೆರೆತಿರುವ ನಮ್ಮ ಗರಸಿಗೆ ಸಮಿತಿ ಹೇಳಿದ್ದು ಶೇ 1.5. ಜೇಡಿ ಕಡಿಮೆಯಿದ್ದರೆ ಶೇ 3. ಅದರ ಕೆಳಗಿನ ಗಟ್ಟಿ ಕಲ್ಲಿಗೆ ಶೇ ಅರ್ಧಕ್ಕಿಂತಲೂ ಕಡಿಮೆ.

30-40ರ ಸೈಟು ಎಂದರೆ ಸುಮಾರು 111 ಚದರ ಮೀಟರ್. ಅದರ ಅಡಿಯಲ್ಲಿ 15 ಮೀಟರ್, ಅಂದರೆ 50 ಅಡಿ ದಪ್ಪದ ಗರಸು ಪೂರಾ ನೆನೆದು ನಿಂತಿದೆ ಎಂದುಕೊಳ್ಳಿ. ಈಗ ಅಷ್ಟು ನೆನೆದ ಗರಸು ಸಿಗುವುದು ಅಪರೂಪ, ಲೆಕ್ಕಕ್ಕಾಗಿ ಹೇಳುತ್ತಿದ್ದೇನೆ. ಅದರಿಂದ ಬರುವ ನೀರು 25,000 ಲೀಟರ್. 6,000 ಲೀಟರಿನ ನಾಲ್ಕು ಟ್ಯಾಂಕರ್. ಒಬ್ಬರಿಗೆ ದಿನಕ್ಕೆ 135 ಲೀಟರಿನಂತೆ ನಾಲ್ಕು ಜನರ ಮನೆಗೆ ಅದು ಒಂದೂವರೆ ತಿಂಗಳು ಬರುತ್ತದೆ. ಸೈಟಿನ ಪೂರ್ತಿ ಆಸ್ತಿ ಅಷ್ಟೇ.

ವರ್ಷ ವರ್ಷ ತುಂಬಿಕೊಳ್ಳುವುದಿಲ್ಲವೇ ಎಂದು ನೀವು ಕೇಳಬಹುದು. ತುಂಬಿಕೊಳ್ಳುತ್ತದೆ. ಇಲ್ಲಿ ವರ್ಷಕ್ಕೆ ಸುಮಾರು 900 ಮಿಲಿಮೀಟರ್ ಮಳೆ. ಅದೇ ಸಮಿತಿಯ ಪ್ರಕಾರ ಇಂಥ ನೆಲದಲ್ಲಿ ಮಳೆಯ ಶೇ 8ರಷ್ಟು ಕೆಳಗಿಳಿಯುತ್ತದೆ, ಅಂದರೆ 72 ಮಿಲಿಮೀಟರ್. ಸೈಟಿಗೆ 8,000 ಲೀಟರ್ ಆಯಿತು. ಮನೆಯವರ ಬಳಕೆಗೆ ಅದು ಎರಡು ವಾರದ ನೀರು. ಅದೂ ನೆಲ ಬಯಲಾಗಿದ್ದರೆ. ನಾವು ಗೇಟಿನಿಂದ ಹಿತ್ತಿಲವರೆಗೆ ಗ್ರಾನೈಟ್ ಹಾಸಿರುತ್ತೇವೆ.

ಇಲ್ಲೇ ಒಂದು ದೊಡ್ಡ ಭ್ರಮೆ ಹುಟ್ಟಿಕೊಳ್ಳುತ್ತದೆ. 72 ಮಿಲಿಮೀಟರ್ ನೀರು ಮರಳಿನ ನೆಲಕ್ಕೆ ಇಳಿದರೆ ಬಾವಿಯ ಮಟ್ಟ ಒಂದೂವರೆ ಅಡಿ ಏರುತ್ತದೆ. ನಮ್ಮ ಗರಸಿನಲ್ಲಿ ಅಷ್ಟೇ ನೀರಿಗೆ ಮಟ್ಟ 16 ಅಡಿ ಏರುತ್ತದೆ, ಯಾಕೆಂದರೆ ನೀರಿಗೆ ಕೂರಲು ಜಾಗ ಅಷ್ಟು ಕಡಿಮೆ. ಒಳ್ಳೆಯ ಮಳೆಗಾಲ ಕಳೆದ ಮೇಲೆ ಬಾವಿ 16 ಅಡಿ ಏರಿದ್ದನ್ನು ಕಂಡು ಜನ ನಿರಾಳವಾಗುತ್ತಾರೆ, ಪತ್ರಿಕೆಗಳಲ್ಲಿ ಅಂತರ್ಜಲ ಚೇತರಿಸಿಕೊಂಡಿತು ಎಂದು ಸುದ್ದಿ ಬರುತ್ತದೆ. ನಿಜವಾಗಿ ಸೇರಿದ್ದು ಒಂದು ಗೇಣಿಗಿಂತ ಕಡಿಮೆ ನೀರು. ಅಷ್ಟೇ ಬೇಗ ಅದು ಇಳಿಯುತ್ತದೆ. ಬೇಸಿಗೆಯಲ್ಲಿ ಮಟ್ಟ ಕುಸಿದಾಗ ಕಂಗಾಲಾಗುವುದೂ ಮಳೆಗಾಲದಲ್ಲಿ ಏರಿದಾಗ ಮೈಮರೆಯುವುದೂ ಗರಸಿನ ಈ ಶೇ 1.5ರ ಗುಣವನ್ನು ಅರಿಯದ್ದರಿಂದ.

ಇನ್ನು ಆಳದ ನೀರು. ತಮಿಳುನಾಡಿನ ತಿರುಚೆಂಗೋಡಿನ ಕಡೆಯ ರಿಗ್ ಲಾರಿ ರಾತ್ರಿ ಹೊತ್ತಿಗೆ ಬಂದು ನಿಂತರೆ ಇಡೀ ಬೀದಿಗೆ ನಿದ್ದೆಯಿಲ್ಲ. ಗರಸು ಕುಸಿಯದಂತೆ ಕೇಸಿಂಗ್ ಪೈಪ್ ಇಳಿಸುತ್ತಾರೆ. ಈ ಹೊತ್ತಿಗೇ, ಯಾರ ಗಮನಕ್ಕೂ ಬಾರದ ಹಾಗೆ, ಮೇಲಿನ ನೀರಿನ ಪದರವನ್ನು ಮುಚ್ಚಿಯಾಗಿರುತ್ತದೆ. ಆಮೇಲೆ ಸುತ್ತಿಗೆಯ ಸದ್ದು ಬದಲಾಗುತ್ತದೆ, ಬೂದಿಯಂಥ ಧೂಳು ಏಳುತ್ತದೆ, ನೂರಾರು ಅಡಿ ಬರೀ ಧೂಳೇ. ಎಲ್ಲೋ ಒಂದು ಕಡೆ ರಾಡು ತಟ್ಟನೆ ಅರ್ಧ ಅಡಿ ಜಾರುತ್ತದೆ. ‘ಗ್ಯಾಪ್ ಬಂತು ಸಾರ್’ ಎಂದು ಹುಡುಗರು ಕೂಗುತ್ತಾರೆ. ಕಂಪ್ರೆಸರಿನ ಗಾಳಿಗೆ ಕೆಸರು ನೀರು ಮೇಲಕ್ಕೆ ಚಿಮ್ಮುತ್ತದೆ. ಹಲಗೆ ಇಟ್ಟು ಅಳೆದು ಎರಡು ಇಂಚು, ಎರಡೂವರೆ ಇಂಚು ಎನ್ನುತ್ತಾರೆ. ಮನೆಯವರು ತೆಂಗಿನಕಾಯಿ ಒಡೆಯುತ್ತಾರೆ. ಕೈಯಲ್ಲಿದ್ದ ಲಕ್ಷಗಳು ಆ ಹೊತ್ತಿಗೆ ಖರ್ಚಾಗಿರುತ್ತವೆ.

ಆ ಎರಡು ಇಂಚು ಏನು ಹೇಳುತ್ತದೆ? ಕಂಪ್ರೆಸರ್ ಗಾಳಿ ಊದಿದ ಕಾಲು ಗಂಟೆಯಲ್ಲಿ ಆ ಬಿರುಕು ಎಷ್ಟು ಸರಾಗವಾಗಿ ನೀರನ್ನು ಬಿಟ್ಟಿತು ಎಂಬುದನ್ನು ಮಾತ್ರ. ಕೂಡಿಟ್ಟದ್ದು ಎಷ್ಟಿದೆ ಎಂಬ ಬಗ್ಗೆ ಅದರಲ್ಲಿ ಒಂದು ಮಾತೂ ಇಲ್ಲ. 900 ಅಡಿಯಲ್ಲಿ ಗ್ಯಾಪ್ ಸಿಕ್ಕಿ, ನೀರು ತಾನಾಗಿ 400 ಅಡಿಯವರೆಗೆ ಏರಿ ನಿಂತರೆ, 500 ಅಡಿ ನೀರಿದೆ ಎಂದು ಮನೆಯವರು ತಿಳಿಯುತ್ತಾರೆ. ಅದು ಒತ್ತಡ. ಮೇಲಿನಿಂದ ಬಿದ್ದ ಭಾರಕ್ಕೆ ಬಿರುಕಿನಲ್ಲಿ ಸಿಕ್ಕಿಕೊಂಡ ನೀರು, ತೂತು ಸಿಕ್ಕೊಡನೆ ಏರಿ ಬಂದಿದೆ. ಸೈಕಲ್ ಟ್ಯೂಬಿನ ವಾಲ್ವ್ ತೆಗೆದರೆ ಗಾಳಿ ರಭಸದಿಂದ ನುಗ್ಗುತ್ತದೆ, ಆದರೆ ಒಳಗಿರುವುದು ಎಷ್ಟು ಗಾಳಿ?

ಲೆಕ್ಕ ಮಾಡಿಯೇ ನೋಡೋಣ. ಒತ್ತಡದಲ್ಲಿರುವ ಇಂಥ ಬಿರುಕುಗಳ ಕೂಡಿಡುವ ಗುಣ ಹತ್ತು ಸಾವಿರದಲ್ಲಿ ಒಂದು ಪಾಲಿನ ಆಸುಪಾಸು ಇರುತ್ತದೆ. ಈ ಲೆಕ್ಕದಲ್ಲಿ ಕೊಳವೆಬಾವಿಯ ಮಟ್ಟ 100 ಮೀಟರ್, ಅಂದರೆ 330 ಅಡಿ ಕುಸಿದರೆ, ನಮ್ಮ 30-40ರ ಸೈಟಿನ ಅಡಿಯಿಂದ ಹೊರಬರುವ ನೀರು 1,100 ಲೀಟರ್. ಮೇಲಿನ ಗರಸಿನಲ್ಲಿ ಮಟ್ಟ ಒಂದೇ ಒಂದು ಮೀಟರ್ ಇಳಿದರೆ 1,600 ಲೀಟರಿಗಿಂತ ಹೆಚ್ಚು ಬರುತ್ತದೆ. ಕೆಳಗಿನ 100 ಮೀಟರ್ ಸೇರಿದರೂ ಮೇಲಿನ ಒಂದು ಮೀಟರಿಗೆ ಸಮವಾಗುವುದಿಲ್ಲ. ಈ ಒಂದು ಅಂಕಿಯನ್ನು ದಯವಿಟ್ಟು ನೆನಪಿನಲ್ಲಿ ಇಟ್ಟುಕೊಳ್ಳಿ.

ಹಾಗಾದರೆ 1,000 ಅಡಿಯ ಬೋರ್‌ವೆಲ್ ವರ್ಷಗಟ್ಟಲೆ ನೀರು ಕೊಡುವುದು ಹೇಗೆ? ಬಿರುಕು ಎಲ್ಲೋ ಒಂದು ಕಡೆ ಮೇಲಿನ ಗರಸಿಗೆ ಹೋಗಿ ಮುಟ್ಟಿರುತ್ತದೆ. ಅಲ್ಲಿಂದ ನೀರು ಕೆಳಗಿಳಿದು, ಸುತ್ತು ಹಾಕಿ, ನಿಮ್ಮ ಪಂಪಿಗೆ ಬರುತ್ತದೆ. ಅಂದರೆ ಆಳದ ಬಾವಿ ಕುಡಿಯುತ್ತಿರುವುದೂ ಮೇಲಿನ ನೀರನ್ನೇ. ಆ ಗರಸು ನಿಮ್ಮ ಸೈಟಿನದೇ ಆಗಿರಬೇಕೆಂದಿಲ್ಲ, ಬಿರುಕು ಹೋದ ದಿಕ್ಕಿನಲ್ಲಿರುವ ಯಾರದೋ ತೋಟದ್ದು, ಯಾವುದೋ ಕೆರೆಯಂಗಳದ್ದು. ಅಮೆರಿಕದ ಚಾರ್ಲ್ಸ್ ಥೀಸ್ ಎಂಬ ಭೂವಿಜ್ಞಾನಿ 1940ರಲ್ಲಿ ಇದನ್ನು ಬಹಳ ನೇರವಾಗಿ ಬರೆದರು: ಬಾವಿಯಿಂದ ಎತ್ತಿದ ನೀರು ಮೊದಲು ನೆಲದ ಸಂಗ್ರಹದಿಂದ ಬರುತ್ತದೆ, ಆಮೇಲೆ ಹಳ್ಳ-ಹೊಳೆಗೆ ಒಸರಬೇಕಾಗಿದ್ದ ನೀರಿನಿಂದ ಬರುತ್ತದೆ. ಪುಕ್ಕಟೆ ನೀರು ಎಂಬುದು ಇಲ್ಲ.

ಒಸರಬೇಕಾಗಿದ್ದ ನೀರು ನಿಂತರೆ ಏನಾಗುತ್ತದೆ ಎಂಬುದಕ್ಕೆ ನಾವು ದೂರ ಹೋಗಬೇಕಾಗಿಲ್ಲ. ನಮ್ಮ ನಗರ ನಿಂತಿರುವುದು ನೀರು ಕವಲೊಡೆಯುವ ದಿಣ್ಣೆಯ ಮೇಲೆ. ವಿದ್ಯಾರಣ್ಯಪುರದ ಆಚೆಯ ದೊಡ್ಡಬೆಟ್ಟಹಳ್ಳಿ ಬೆಂಗಳೂರಿನಲ್ಲೇ ಎತ್ತರದ ಜಾಗ, ಸಮುದ್ರಮಟ್ಟದಿಂದ 962 ಮೀಟರ್. ಆ ದಿಣ್ಣೆಯ ಪಡುವಣಕ್ಕೆ ಬಿದ್ದ ಮಳೆ ಅರ್ಕಾವತಿಗೆ ಸೇರಿ ಕಾವೇರಿ ಪಾಲಾಗುತ್ತದೆ. ಮೂಡಣಕ್ಕೆ ಬಿದ್ದದ್ದು ದಕ್ಷಿಣ ಪಿನಾಕಿನಿಗೆ. ಯಲಹಂಕ, ಜಕ್ಕೂರು, ರಾಚೇನಹಳ್ಳಿ ಕೆರೆಗಳ ಸಾಲು ಒಂದು. ಮತ್ತಿಕೆರೆಯ ಕಡೆಯಿಂದ ಇಳಿದು ಆರ್.ಟಿ. ನಗರದ ಪಕ್ಕದಲ್ಲಿ ಹಾದು ಹೆಬ್ಬಾಳ, ನಾಗವಾರಕ್ಕೆ ಹೋಗುವ ಕಣಿವೆ ಇನ್ನೊಂದು. ಎರಡೂ ಕೊನೆಗೆ ಎಲೆಮಲ್ಲಪ್ಪಶೆಟ್ಟಿ ಕೆರೆಯನ್ನು ಮುಟ್ಟಿ ಪಿನಾಕಿನಿಯ ದಾರಿ ಹಿಡಿಯುತ್ತವೆ. ಅರ್ಕಾವತಿ, ದಕ್ಷಿಣ ಪಿನಾಕಿನಿ ಎರಡೂ ಹುಟ್ಟುವುದು ನಂದಿಬೆಟ್ಟದ ಸೀಮೆಯಲ್ಲಿ.

ಅರ್ಕಾವತಿಗೆ ಅಡ್ಡಲಾಗಿರುವ ಹೆಸರಘಟ್ಟದ ಕೆರೆಯಿಂದ 1890ರ ದಶಕದಲ್ಲಿ, ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, ಬೆಂಗಳೂರಿಗೆ ಕೊಳಾಯಿ ನೀರು ಬಂತು. 1933ರಲ್ಲಿ ಕೆಳಗೆ ತಿಪ್ಪಗೊಂಡನಹಳ್ಳಿ ಜಲಾಶಯವಾಯಿತು. ಆಮೇಲಿನ ದಶಕಗಳಲ್ಲಿ ಎರಡಕ್ಕೂ ಬರುವ ನೀರು ಕ್ಷೀಣಿಸುತ್ತ ಹೋಯಿತು. ಮಳೆ ಕಡಿಮೆಯಾಯಿತು ಎಂದೇ ಬಹಳ ಜನ ನಂಬಿದ್ದರು. ‘ಏಟ್ರೀ’ ಸಂಸ್ಥೆಯ ವೀಣಾ ಶ್ರೀನಿವಾಸನ್ ಮತ್ತು ಅವರ ಜೊತೆಗಾರರು 2015ರಲ್ಲಿ ಪ್ರಕಟಿಸಿದ ಅಧ್ಯಯನ ಆ ನಂಬಿಕೆಯನ್ನು ಕಿತ್ತುಹಾಕಿತು. ಮಳೆಯಲ್ಲಾಗಲಿ ಬಿಸಿಲಲ್ಲಾಗಲಿ ಆದ ಬದಲಾವಣೆ ಹೊಳೆ ಬತ್ತಿದ್ದನ್ನು ವಿವರಿಸುವುದಿಲ್ಲ. ಕೊಳವೆಬಾವಿಗಳು ಎತ್ತಿದ ನೀರು, ನೀಲಗಿರಿ ತೋಪುಗಳು, ಸ್ವಲ್ಪ ಮಟ್ಟಿಗೆ ಹಳ್ಳಗಳಿಗೆ ಕಟ್ಟಿದ ಸಣ್ಣಪುಟ್ಟ ಒಡ್ಡುಗಳು, ಇವೇ ಕಾರಣವಾಗಿರುವ ಸಾಧ್ಯತೆ ಹೆಚ್ಚು ಎಂದು ಅವರು ತೋರಿಸಿದರು. ನೆಲದೊಳಗಿನ ನೀರಿನ ಮಟ್ಟ ಹೊಳೆಯ ಪಾತ್ರಕ್ಕಿಂತ ಮೇಲಿದ್ದಾಗ ನೆಲ ಹೊಳೆಗೆ ನೀರು ಕೊಡುತ್ತಿತ್ತು. ಮಟ್ಟ ಪಾತ್ರಕ್ಕಿಂತ ಕೆಳಗೆ ಹೋದ ಮೇಲೆ ಹೊಳೆಯ ನೀರನ್ನೇ ನೆಲ ಹೀರಿಕೊಳ್ಳತೊಡಗಿತು. ಒಂದು ನದಿ ಸಾಯುವುದು ಹೀಗೆ.

ಪಂಪ್ ಪರೀಕ್ಷೆಯ ಬಗ್ಗೆ ಸ್ವಲ್ಪ ಹೇಳಬೇಕು, ಯಾಕೆಂದರೆ ನೆಲ ತನ್ನ ಗುಣವನ್ನು ತಾನೇ ಬಾಯಿಬಿಟ್ಟು ಹೇಳುವುದು ಅಲ್ಲಿ. ಮೋಟಾರ್ ಹಾಕುವ ಮೊದಲು ನೀರಿನ ಮಟ್ಟ ಅಳೆಯುವ ಟೇಪನ್ನು ಕೇಸಿಂಗ್ ಪೈಪಿನೊಳಗೆ ಇಳಿಬಿಡುತ್ತೇವೆ. ತುದಿ ನೀರಿಗೆ ತಗುಲಿದ ಕೂಡಲೇ ಗುಂಯ್ ಎನ್ನುತ್ತದೆ, ಮಟ್ಟ ಬರೆದುಕೊಳ್ಳುತ್ತೇವೆ. ಮೋಟಾರ್ ಶುರುವಾದ ಮೇಲೆ ಮೊದಲು ನಿಮಿಷಕ್ಕೊಮ್ಮೆ, ಆಮೇಲೆ ಐದು ನಿಮಿಷಕ್ಕೊಮ್ಮೆ, ಆಮೇಲೆ ಅರ್ಧ ಗಂಟೆಗೊಮ್ಮೆ. ಒಬ್ಬರು ಗಡಿಯಾರ ನೋಡಿ ಕೂಗುವುದು, ಒಬ್ಬರು ಟೇಪ್ ಹಿಡಿಯುವುದು, ಇನ್ನೊಬ್ಬರು ಹೊರಬರುವ ನೀರನ್ನು ಡ್ರಮ್ಮಿನಲ್ಲಿ ಅಳೆಯುವುದು. ಮೊದಲ ನಿಮಿಷಗಳಲ್ಲಿ ಮಟ್ಟ ದಡದಡ ಇಳಿಯುತ್ತದೆ. ಅದು ಬಾವಿಯೊಳಗೇ ನಿಂತಿದ್ದ ನೀರು. ಆಮೇಲೆ ಇಳಿತ ನಿಧಾನವಾಗುತ್ತದೆ, ಬಿರುಕಿನಿಂದ ನೀರು ಬರತೊಡಗಿದೆ. ಇದೇ ಥೀಸ್ 1935ರಲ್ಲಿ ಕೊಟ್ಟ ಸೂತ್ರಕ್ಕೆ ಈ ಅಂಕಿಗಳನ್ನು ಹಾಕಿದರೆ ನೆಲದ ಗುಣಗಳ ಅಂದಾಜು ಸಿಗುತ್ತದೆ.

ನಮ್ಮ ನೆಲದಲ್ಲಿ ಇನ್ನೊಂದು ಸಂಗತಿ ಕಾಣಿಸುತ್ತದೆ. ಒಂದೋ ಎರಡೋ ಗಂಟೆ ಸಮಾಧಾನವಾಗಿದ್ದ ಮಟ್ಟ ಇದ್ದಕ್ಕಿದ್ದಂತೆ ಮೊದಲಿಗಿಂತ ಎರಡರಷ್ಟು ವೇಗದಲ್ಲಿ ಇಳಿಯತೊಡಗುತ್ತದೆ. ಪಂಪಿನ ಸೆಳೆತ ಹಬ್ಬುತ್ತ ಹಬ್ಬುತ್ತ ಒಂದು ಗೋಡೆಗೆ ಹೋಗಿ ತಾಗಿದ ಗುರುತು ಅದು. ಆ ಗೋಡೆ ಬಿರುಕಿನ ಕೊನೆಯಾಗಿರಬಹುದು, ಕರಿಕಲ್ಲಿನ ಅಡ್ಡಗಟ್ಟೆಯೂ ಆಗಿರಬಹುದು. ಸುಮಾರು 237 ಕೋಟಿ ವರ್ಷಗಳ ಹಿಂದೆ ಕರಗಿದ ಕಲ್ಲು ಕೆಳಗಿನಿಂದ ಉಕ್ಕಿ, ನೈಸನ್ನು ಸೀಳಿಕೊಂಡು ಪೂರ್ವ-ಪಶ್ಚಿಮವಾಗಿ ಗೋಡೆಗಳಂತೆ ನಿಂತಿದೆ. ಭೂವಿಜ್ಞಾನಿಗಳು ಬೆಂಗಳೂರಿನ ಹೆಸರಿನಲ್ಲೇ ಅವುಗಳನ್ನು ಕರೆಯುತ್ತಾರೆ. ಇಂಥ ಗೋಡೆಯ ಈ ಬದಿ ಬಾವಿಯಲ್ಲಿ ಸೊಂಪಾಗಿ ನೀರು, ಆ ಬದಿ ಬರೀ ಧೂಳು. ಪಕ್ಕದ ಮನೆಯವರಿಗೆ 300 ಅಡಿಯಲ್ಲಿ ಬಂತು, ನಮಗೆ 1,300ಕ್ಕೂ ಬರಲಿಲ್ಲ ಎಂದು ಕೊರಗುವವರು ಎಷ್ಟೋ ಮಂದಿ. ಅದರಲ್ಲಿ ಅದೃಷ್ಟದ ಮಾತೇನೂ ಇಲ್ಲ.

ಮೋಟಾರ್ ನಿಲ್ಲಿಸಿದ ಮೇಲೂ ಅಳೆಯಬೇಕು. ಮಟ್ಟ ಎಷ್ಟು ಹೊತ್ತಿನಲ್ಲಿ ಮೊದಲಿನ ಜಾಗಕ್ಕೆ ಬಂತು ಎಂಬುದು ಬಹಳ ಮುಖ್ಯ. ಎಂಟು ಗಂಟೆ ಎತ್ತಿ, ಮರುದಿನ ಬೆಳಗಾದರೂ ಮಟ್ಟ ಹಿಂದಿನ ಗುರುತಿಗೆ ಬರದಿದ್ದರೆ ಆ ಬಾವಿಯನ್ನು ದಿನವೂ ಸ್ವಲ್ಪ ಸ್ವಲ್ಪ ಮುಗಿಸುತ್ತಿದ್ದೇವೆ ಎಂದೇ ಅರ್ಥ. ಕಾಲು ಗಂಟೆ ಗಾಳಿ ಊದಿ ಇಂಚು ಹೇಳುವ ಪದ್ಧತಿಯನ್ನು ನಂಬಿ ಕೋಟಿಗಟ್ಟಲೆ ರೂಪಾಯಿಯ ಅಪಾರ್ಟ್‌ಮೆಂಟುಗಳನ್ನು ಕಟ್ಟಿ ಮಾರಿದ್ದಾರಲ್ಲ, ಇದು ನನಗೆ ಬಹಳ ನೋವಿನ ಸಂಗತಿ. 24 ಗಂಟೆಯ ಒಂದು ಪಂಪ್ ಪರೀಕ್ಷೆಯ ವರದಿ ಇಲ್ಲದೆ ಬೋರ್‌ವೆಲ್ಲನ್ನೇ ನೆಚ್ಚಿದ ಯಾವ ದೊಡ್ಡ ಕಟ್ಟಡಕ್ಕೂ ಒಪ್ಪಿಗೆ ಕೊಡಬಾರದು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

2024ರ ಬೇಸಿಗೆಯಲ್ಲಿ ನಗರದ ಸುಮಾರು 14,000 ಸರ್ಕಾರಿ ಕೊಳವೆಬಾವಿಗಳಲ್ಲಿ 6,900 ಬತ್ತಿವೆ ಎಂದು ಮುಖ್ಯಮಂತ್ರಿಗಳೇ ಹೇಳಿದರು. ಆದರೆ ಆ ಬೇಸಿಗೆ ಎಲ್ಲ ಕಡೆ ಒಂದೇ ತರ ಇರಲಿಲ್ಲ. ಇದರ ಹಿಂದಿನ ಗುಟ್ಟನ್ನು ಯಶವಂತಪುರದ ಪಕ್ಕದಲ್ಲೇ ಇರುವ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊಫೆಸರ್ ಎಂ. ಶೇಖರ್ ಮತ್ತು ಅವರ ಸಂಗಡಿಗರು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬಿಚ್ಚಿಟ್ಟಿದ್ದರು. ಪ್ರಕೃತಿಯ ನಿಯಮದಂತೆ ದಿಣ್ಣೆಯ ಮೇಲೆ ನೀರು ಆಳದಲ್ಲೂ ಕಣಿವೆಯಲ್ಲಿ ಮೇಲೂ ಇರಬೇಕು. ಬೆಂಗಳೂರಿನಲ್ಲಿ ಅದು ತಲೆಕೆಳಗಾಗಿದೆ. ದಿಣ್ಣೆಯ ಮೇಲಿನ ಹಳೆಯ ನಗರದಲ್ಲಿ ನೀರು ಮೇಲಿದೆ, ಹೊರವಲಯದ ಕಣಿವೆಗಳಲ್ಲಿ ಪಾತಾಳಕ್ಕೆ ಹೋಗಿದೆ. ಹಳೆಯ ಬಡಾವಣೆಗಳಿಗೆ 1974ರಿಂದ ಕಾವೇರಿ ಬರುತ್ತಿದೆ. ಮನೆಗಳವರು ಬೋರ್‌ವೆಲ್ ಹೆಚ್ಚು ಬಳಸುವುದಿಲ್ಲ, ಮೇಲಾಗಿ ಹಳೆ ಪೈಪುಗಳೂ ಒಳಚರಂಡಿಗಳೂ ಸೋರಿ ಗರಸನ್ನು ಸದಾ ನೆನೆಸಿಟ್ಟಿವೆ. 100 ಕಿಲೋಮೀಟರ್ ದೂರದಿಂದ ಎತ್ತಿ ತಂದ ಕಾವೇರಿಯ ಒಂದು ಪಾಲು ಹೀಗೆ ನಮ್ಮ ಅಂತರ್ಜಲವಾಗಿದೆ. ಹೊರವಲಯಕ್ಕೆ ಪೈಪೂ ಬರಲಿಲ್ಲ, ಸೋರಿಕೆಯೂ ಬರಲಿಲ್ಲ; ಬಂದದ್ದು ರಿಗ್ ಲಾರಿ ಮತ್ತು ಟ್ಯಾಂಕರ್. ನಗರದ ಸುತ್ತಲಿನ 110 ಹಳ್ಳಿಗಳಿಗೆ ಕಾವೇರಿ ಐದನೇ ಹಂತದ ನೀರು ಬರತೊಡಗಿದ್ದು 2024ರ ಅಕ್ಟೋಬರಿನ ಮೇಲೆ.

ಸೋರಿಕೆಯ ನೀರೆಂದರೆ ಬರೀ ಕಾವೇರಿಯಲ್ಲ, ಕಕ್ಕಸಿನ ನೀರೂ ಉಂಟು. ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಬಾರದು. ನಗರದ ಎಷ್ಟೋ ಬಾವಿಗಳಲ್ಲಿ ಮೀರಿದೆ. ಪೀಣ್ಯದಲ್ಲಿ ಲೋಹಕ್ಕೆ ಹೊಳಪಿನ ಲೇಪ ಕೊಡುವ ಘಟಕಗಳಿಂದ ಇಳಿದ ಕ್ರೋಮಿಯಂ ನೆಲದ ನೀರನ್ನು ಸೇರಿರುವುದು ದಾಖಲಾದ ವಿಷಯ. ಗರಸಿನಲ್ಲಿ ನೀರು ದಿನಕ್ಕೆ ಅರ್ಧ ಮೀಟರ್ ನಡೆದರೆ ಹೆಚ್ಚು, ಒಂದು ಕಿಲೋಮೀಟರ್ ಹೋಗಲು ಐದಾರು ವರ್ಷ ಬೇಕು. ಆ ನಿಧಾನದ ನಡಿಗೆಯಲ್ಲಿ ರೋಗಾಣುಗಳು ಸಾಯುತ್ತವೆ, ಕೊಳೆ ಸೋಸಿಹೋಗುತ್ತದೆ. ಬಿರುಕಿನಲ್ಲಿ ಆ ವ್ಯವಧಾನವಿಲ್ಲ, ವಿಷ ಹಾಗೇ ನುಗ್ಗುತ್ತದೆ. ಇನ್ನು ತೀರಾ ಆಳದಲ್ಲಿ ಬಹುಕಾಲ ಕಲ್ಲಿಗೆ ಅಂಟಿಕೊಂಡಿದ್ದ ನೀರಿನಲ್ಲಿ ಫ್ಲೋರೈಡ್ ಕರಗಿರುತ್ತದೆ. ಚಿಕ್ಕಬಳ್ಳಾಪುರ, ಕೋಲಾರದ ಕಡೆಯವರಿಗೆ ಅದರ ಸಂಕಟ ಚೆನ್ನಾಗಿ ಗೊತ್ತು.

ಮೇಲಿನ ಪದರವನ್ನು ಮತ್ತೆ ತುಂಬಿಸಿಕೊಳ್ಳಲು ಸಾಧ್ಯವೇ? ಸಾಧ್ಯ ಎಂಬುದಕ್ಕೆ ಜಕ್ಕೂರು ಕೆರೆ ಸಾಕ್ಷಿ. ಅಲ್ಲಿ ಜಲಮಂಡಳಿಯ ಶುದ್ಧೀಕರಣ ಘಟಕದಿಂದ ದಿನಕ್ಕೆ ಒಂದು ಕೋಟಿ ಲೀಟರ್ ನೀರು ಬರುವಂತೆ ಏರ್ಪಾಡಾಯಿತು. ಅದು ನೇರ ಕೆರೆಗೆ ಬೀಳದೆ ಆಪು, ಜೊಂಡು ಬೆಳೆದ ಜೌಗಿನ ಮೂಲಕ ಸಾಗಿ ಆಮೇಲೆ ಕೆರೆ ಸೇರುತ್ತದೆ. ಬೇಸಿಗೆಯಲ್ಲೂ ಕೆರೆ ತುಂಬಿರುವುದರಿಂದ ಸುತ್ತಲಿನ ಗರಸು ನೆನೆದಿರುತ್ತದೆ, ತೆರೆದ ಬಾವಿಗಳಲ್ಲಿ ನೀರು ಕೈಗೆಟುಕುವ ಹಾಗೆ ನಿಲ್ಲುತ್ತದೆ. ಪಕ್ಕದಲ್ಲೇ 1,000 ಅಡಿಗೂ ನೀರು ಕಾಣದ ಬಡಾವಣೆಗಳಿರುವಾಗ ಇದು ಸಣ್ಣ ವಿಷಯವಲ್ಲ.

ದೊಡ್ಡ ಪ್ರಮಾಣದಲ್ಲಿ ಇದನ್ನೇ ಹೆಬ್ಬಾಳ-ನಾಗವಾರ ಕಣಿವೆ ಯೋಜನೆ ಮಾಡಹೊರಟಿದೆ. ನಮ್ಮ ಭಾಗದ ಚರಂಡಿ ನೀರನ್ನು ಶುದ್ಧ ಮಾಡಿ ದಿನಕ್ಕೆ 21 ಕೋಟಿ ಲೀಟರಿನಷ್ಟನ್ನು ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರದ ಕಡೆಯ 65 ಕೆರೆಗಳಿಗೆ ತುಂಬಿಸುವ ಯೋಜನೆ ಅದು. ಮೂರನೇ ಹಂತದ ಶುದ್ಧೀಕರಣವೂ ಬೇಕು ಎಂದು ಆ ಸೀಮೆಯ ಹೋರಾಟಗಾರರು ಪಟ್ಟು ಹಿಡಿದಿದ್ದಾರೆ. ಬಿರುಕಿನ ಗುಣ ಬಲ್ಲವರು ಅವರ ಮಾತನ್ನು ತಳ್ಳಿಹಾಕಲಾರರು. ಒಳ್ಳೆಯ ಉದಾಹರಣೆಯೂ ಅಲ್ಲೇ ಇದೆ. ದೇವನಹಳ್ಳಿಯ ಸಿಹಿನೀರು ಕೆರೆಗೆ ಈ ನೀರು ಬಂದ ಮೇಲೆ, ಕೆರೆಯ ಪಕ್ಕದ ಹಳೆಯ ತೆರೆದ ಬಾವಿಯನ್ನು ಹೂಳೆತ್ತಿ ಸರಿಮಾಡಿದರು. ಕೆರೆಯ ನೀರು ನೆಲದಲ್ಲಿ ಸೋಸಿಕೊಂಡು ಬಾವಿಗೆ ಬರುತ್ತದೆ, ಅಲ್ಲಿಂದ ಮತ್ತೊಮ್ಮೆ ಶುದ್ಧವಾಗಿ ಊರಿಗೆ ಹೋಗುತ್ತದೆ. ಬಯೋಮ್ ಟ್ರಸ್ಟಿನವರು ಇದರಲ್ಲಿ ಕೈಜೋಡಿಸಿದ್ದಾರೆ. ಬಾವಿ ತೋಡುವ ಮಣ್ಣುವಡ್ಡರ ಕುಲಕಸುಬನ್ನು ಗೌರವದಿಂದ ಮತ್ತೆ ಬಳಕೆಗೆ ತಂದವರೂ ಅವರೇ. ಗರಸು ಎಲ್ಲಿ ಮುಗಿಯುತ್ತದೆ, ಸೆಲೆ ಯಾವ ಕಡೆಯಿಂದ ಬರುತ್ತದೆ ಎಂಬುದನ್ನು ಗುದ್ದಲಿಯ ಸದ್ದಿನಲ್ಲೇ ಗುರುತಿಸುವ ಜನ ಈ ಮಣ್ಣುವಡ್ಡರು. ಅವರ ತಿಳಿವಳಿಕೆ ನಮ್ಮ ಸೂತ್ರಗಳಿಗೆ ಯಾವ ವಿಧದಲ್ಲೂ ಕಡಿಮೆಯಲ್ಲ.

ಮನೆಮಟ್ಟದಲ್ಲಿ ಮಾಡಬಹುದಾದ್ದನ್ನು ಹೇಳಿ ಮುಗಿಸುತ್ತೇನೆ. 1,000 ಚದರ ಅಡಿಯ ತಾರಸಿಯ ಮೇಲೆ ವರ್ಷಕ್ಕೆ ಬೀಳುವ ಮಳೆಯಲ್ಲಿ ಐದರಲ್ಲಿ ನಾಲ್ಕು ಪಾಲು ಹಿಡಿದರೂ 67,000 ಲೀಟರ್. ತಾನಾಗಿ ಇಳಿಯುವ 8,000 ಲೀಟರಿನ ಎಂಟರಷ್ಟು. 2009ರಿಂದ ಮಳೆನೀರು ಸಂಗ್ರಹ ಕಡ್ಡಾಯವೂ ಆಗಿದೆ. ಆ ನೀರನ್ನು ಮೊದಲು ಸಂಪಿಗೆ, ಹೆಚ್ಚಾದದ್ದನ್ನು ಮೂರಡಿ ಅಗಲ, 20 ಅಡಿ ಆಳದ ಇಂಗುಬಾವಿಗೆ ಬಿಡಿ. ತೋಡುವಾಗ ಕೆಂಪು ಮಣ್ಣು ದಾಟಿ ಗರಸು ಸಿಗುವ ತನಕ ಹೋಗಬೇಕು, ಜೇಡಿಯಲ್ಲಿ ನಿಲ್ಲಿಸಿದರೆ ನೀರು ಇಳಿಯುವುದಿಲ್ಲ. ತೋಡಿದ ಮೇಲೆ ಟ್ಯಾಂಕರಿನಿಂದ ನೀರು ತುಂಬಿಸಿ ಗಂಟೆಗೆ ಎಷ್ಟು ಅಡಿ ಇಳಿಯಿತು ನೋಡಿಕೊಳ್ಳಿ. ರಸ್ತೆಯ ನೀರನ್ನಾಗಲಿ ಅಂಗಳ ತೊಳೆದ ನೀರನ್ನಾಗಲಿ ಬತ್ತಿದ ಬೋರ್‌ವೆಲ್ಲಿಗೆ ನೇರ ಬಿಡಬೇಡಿ. ಬಿರುಕಿನೊಳಗೆ ಹೋದ ಕೊಳೆಯನ್ನು ಯಾರಿಂದಲೂ ಹೊರತೆಗೆಯಲಾಗದು. ಹಳೆಯ ಬಾವಿ ಇದ್ದರೆ ದಯಮಾಡಿ ಮುಚ್ಚಬೇಡಿ.

ಅಪಾರ್ಟ್‌ಮೆಂಟಿನ ಸಂಘಗಳಿಗೆ ಇನ್ನೊಂದು ಕೋರಿಕೆ. ಮುಂದಿನ ಸಲ ಮೋಟಾರ್ ಮೇಲೆತ್ತಿದಾಗ, ಅದರ ಜೊತೆಗೆ ಅರ್ಧ ಇಂಚಿನ ಒಂದು ಪ್ಲಾಸ್ಟಿಕ್ ಪೈಪನ್ನೂ ಮೋಟಾರಿನ ತನಕ ಇಳಿಬಿಡಿ. ಮೇಲಿನ ತುದಿಗೆ ಒಂದು ಪ್ರೆಶರ್ ಗೇಜ್ ಕೂಡಿಸಿ ಗಾಳಿ ಊದಿದರೆ, ಮುಳ್ಳು ನಿಂತ ಜಾಗದಿಂದ ಮೋಟಾರಿನ ಮೇಲೆ ಎಷ್ಟು ಅಡಿ ನೀರಿದೆ ಎಂದು ತಿಳಿಯುತ್ತದೆ. ಒಂದು ಪೌಂಡ್ ಒತ್ತಡಕ್ಕೆ 2.3 ಅಡಿ. ಪೈಪಿನ ಉದ್ದವನ್ನು ಬರೆದಿಟ್ಟುಕೊಂಡಿರಬೇಕು. ತಿಂಗಳಿಗೊಮ್ಮೆ, ಬೆಳಗ್ಗೆ ಮೋಟಾರ್ ಹಾಕುವ ಮೊದಲು ಅಳೆದು, ಮಟ್ಟವನ್ನೂ ಆ ತಿಂಗಳು ಎತ್ತಿದ ನೀರನ್ನೂ ಒಂದೇ ಪುಸ್ತಕದಲ್ಲಿ ಅಕ್ಕಪಕ್ಕ ಬರೆಯಿರಿ. ಮೇ ತಿಂಗಳ ಅಂಕಿಯನ್ನು ಹೋದ ವರ್ಷದ ಮೇ ತಿಂಗಳ ಅಂಕಿಗೆ ಹೋಲಿಸಿ, ನವೆಂಬರಿನದನ್ನು ನವೆಂಬರಿಗೆ ಹೋಲಿಸಿ. ಎರಡು ವರ್ಷದ ಅಂಥ ಪುಸ್ತಕ ಇದ್ದರೆ, ಹೊಸ ಬೋರ್‌ವೆಲ್ ಬೇಕೋ ಬೇಡವೋ ಎಂದು ಸಭೆಯಲ್ಲಿ ಕೈ ಎತ್ತುವ ಮೊದಲು ಅದನ್ನು ತೆರೆದು ಓದಿ.